ಗೋಡೆಯ ಆ ಕಡೆ ತಬಲಾ, ಈ ಕಡೆ ಗಾಯನ

ಹಿಂದುಸ್ತಾನಿ ಸಂಗೀತದಲ್ಲಿ ಪದವಿ ಮುಗಿಸುವ ಹಂತಕ್ಕೆ ಬಂದ ಹುಡುಗಿಗೆ ತಬಲಾದವನಿಂದ ತನಗೆ ಬೇಕಾದ ಲಯವನ್ನು ಕೇಳಿ ಪಡೆಯುವುದು ಹೇಗೆಂದು ಗೊತ್ತಿಲ್ಲ. ಅದು ಅವಳ ತಪ್ಪಲ್ಲ. ನಿನ್ನೆಯಿಂದ ಇದೇ ಸಿಟ್ಟು ನನ್ನೊಳಗೆ ಕುದಿಯುತ್ತಿದೆ. ಬರೆಯದಿದ್ದರೆ ಇಂದೂ ನಿದ್ದೆ ಬರುವುದಿಲ್ಲ.

ಪ್ರಾಯೋಗಿಕ ಪರೀಕ್ಷೆಗಳಿಗೆ ನಾನು ಸಾಥಿಗೆ, ಅಂದರೆ ಹಾಡುವವರ ಜೊತೆಗೆ ತಬಲಾ ಬಾರಿಸಲು, ಹೋಗುವುದು ನಿಮಗೆಲ್ಲ ಗೊತ್ತೇ ಇದೆ. ಯಾವ ಕಾಲೇಜು ಎಂದು ಯಾರೂ ಕೇಳಬೇಡಿ, ಈ ಕೊರತೆ ಒಂದೇ ಕಟ್ಟಡದಲ್ಲಿಲ್ಲ. ಹುಡುಗಿ ಯಮನ್ ರಾಗ ಎತ್ತಿಕೊಂಡಳು. ಎಂಥ ಕಂಠ! ನಿಷಾದದ ಮೇಲೆ ನಿಂತು, ಅವಸರಪಡದೆ ಷಡ್ಜಕ್ಕೆ ಬಂದಾಗ ಅಂಕಪಟ್ಟಿ ನೋಡುತ್ತಿದ್ದ ಪರೀಕ್ಷಕರೂ ತಲೆ ಎತ್ತಿದರು. ನಿಧಾನ ಗತಿಯ ಬಡಾ ಖ್ಯಾಲಿನ ಮುಖಡಾ (ಹಾಡಿನ ಎತ್ತುಗಡೆ) ಬಂತು, ನಾನು ವಿಲಂಬಿತ (ನಿಧಾನದ) ಏಕತಾಲ ಹಿಡಿದೆ. ಅವಳಿಗೆ ಬೇಕಾದ ಲಯ ಅದಕ್ಕಿಂತ ತುಸು ವೇಗದ್ದು ಎಂದು ಎರಡೇ ಮಾತ್ರೆಗಳಲ್ಲಿ (ತಾಳದ ಎಣಿಕೆಗಳಲ್ಲಿ) ನನಗೆ ಅರ್ಥವಾಯಿತು. ಕೈಯಿಂದ ಒಂದು ಸನ್ನೆ ಮಾಡಿದ್ದರೆ, ಒಮ್ಮೆ ನನ್ನತ್ತ ನೋಡಿದ್ದರೆ ಸಾಕಿತ್ತು. ಅವಳು ನೋಡಲಿಲ್ಲ. ಹಾಗೆ ನೋಡಬಹುದು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾಳದ ಮೂರನೆಯ ಸುತ್ತಿಗೆ, ಅಂದರೆ ಮೂರನೆಯ ಆವರ್ತನಕ್ಕೆ, ಸಮ್ (ಸುತ್ತಿನ ಮೊದಲ ಮಾತ್ರೆ) ತಪ್ಪಿತು. ಮುಖ ಬಾಡಿತು. ಅಷ್ಟರಲ್ಲಿ "ಸಾಕಮ್ಮ, ಛೋಟಾ ಖ್ಯಾಲ್ ಹಾಡು" ಎಂದು ವೇಗದ ಹಾಡಿಗೆ ಹೋಗಲು ಪರೀಕ್ಷಕರ ಅಪ್ಪಣೆಯೂ ಆಯಿತು.

ಹೊರಗೆ ಬಂದು ಅವಳು ಹೇಳಿದ್ದು ಇಷ್ಟು: "ಸರ್, ಮನೆಯಲ್ಲಿ ಮೊಬೈಲಿನ ತಬಲಾಕ್ಕೆ ಹಾಡುವಾಗ ಒಮ್ಮೆಯೂ ತಪ್ಪುವುದಿಲ್ಲ."

ತಪ್ಪುವುದಿಲ್ಲ, ನಿಜ. ಮೊಬೈಲಿನ ಠೇಕಾ (ತಾಳದ ಬಡಿತ) ಕದಲುವುದೇ ಇಲ್ಲ. ಗಾಯಕಿ ಉಸಿರು ತೆಗೆದುಕೊಳ್ಳುವಾಗ ಅದು ಕಾಯುವುದಿಲ್ಲ, ತಾನ್ (ವೇಗದ ಸ್ವರಸರಣಿ) ಮುಗಿಸಿ ಮುಖಡಾಕ್ಕೆ ಬರುವಾಗ ಎದುರುಗೊಳ್ಳುವುದಿಲ್ಲ, ತಿಹಾಯಿ (ಮೂರು ಸಲ ಮರುಕಳಿಸುವ ತುಣುಕು) ಹೊಡೆದು ಸಮ್‌ಗೆ ತಂದು ಬಿಡುವುದಿಲ್ಲ. ಅದು ಕೇಳಿಸಿಕೊಳ್ಳುವುದೇ ಇಲ್ಲ. ಕೇಳಿಸಿಕೊಳ್ಳದ ಸಾಥಿಯೊಂದಿಗೆ ವರ್ಷಗಟ್ಟಲೆ ರಿಯಾಜ್ ಮಾಡಿದ ಮಕ್ಕಳು ಕೇಳುವ ಮನುಷ್ಯನ ಪಕ್ಕ ಕುಳಿತಾಗ ಗಾಬರಿಗೊಳ್ಳುತ್ತಾರೆ. ನಾನು ತಬಲಾದಲ್ಲಿ ಉಠಾಣ್ ಎಂಬ ಸಣ್ಣದೊಂದು ಜೋರು ತುಣುಕು ಹಾಕಿದರೆ ತಾವೇ ಏನೋ ತಪ್ಪಿದೆವೆಂದು ಹಾಡು ನಿಲ್ಲಿಸಿಬಿಡುತ್ತಾರೆ. ರಿಯಾಜಿಗೆ ಮೊಬೈಲ್ ಬೇಡ ಎನ್ನುತ್ತಿಲ್ಲ. ಹಳ್ಳಿಯಲ್ಲಿ ಒಬ್ಬಳೇ ಕುಳಿತು ಅಭ್ಯಾಸ ಮಾಡುವವಳಿಗೆ ಅದು ದೊಡ್ಡ ಆಸರೆ. ಆದರೆ ಕಾಲೇಜಿನಲ್ಲೂ ಅದೇ ಆದರೆ ಕಾಲೇಜು ಯಾಕೆ ಬೇಕು?

ಕಿರಾಣಾ ಘರಾಣೆಯ ಹಾಡುವ ಶೈಲಿಯ ವಿಲಂಬಿತದಲ್ಲಿ ಹನ್ನೆರಡು ಮಾತ್ರೆಗಳ ಏಕತಾಲದ ಒಂದು ಆವರ್ತನಕ್ಕೇ ಸುಮಾರು ಒಂದು ನಿಮಿಷ ಹಿಡಿಯುವುದುಂಟು. ಷಡ್ಜದ ಸುತ್ತ ಎರಡು ಆವರ್ತನ, ಗಾಂಧಾರಕ್ಕೆ ಬರಲು ಇನ್ನಷ್ಟು, ಪಂಚಮ, ತಾರ ಷಡ್ಜ, ಆಮೇಲೆ ಹಾಡಿನ ಎರಡನೆಯ ಭಾಗವಾದ ಅಂತರಾ. ರಾಗ ಬಿಚ್ಚಿಕೊಳ್ಳಲು ಕನಿಷ್ಠ ಅರ್ಧ ಗಂಟೆ ಬೇಕು. ಪರೀಕ್ಷೆಯಲ್ಲಿ ಅವಳಿಗೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಬಡಾ ಖ್ಯಾಲ್, ಛೋಟಾ ಖ್ಯಾಲ್, ಇನ್ನೆರಡು ರಾಗಗಳ ಆರೋಹ ಅವರೋಹ, ಝಪತಾಲವನ್ನು ಕೈಯಲ್ಲಿ ಹಾಕಿ ತೋರಿಸುವುದು, ರಾಗದ ಥಾಟ್ (ಮೂಲ ಗುಂಪು) ಯಾವುದು, ವಾದಿ (ಮುಖ್ಯ ಸ್ವರ) ಯಾವುದು ಎಂಬ ಪ್ರಶ್ನೆಗಳು ಎಲ್ಲವೂ ಮುಗಿಯಬೇಕಿತ್ತು. ಇದರಿಂದ ಅವಳಿಗೆ ಎಷ್ಟು ಗೊತ್ತಿದೆ ಎಂದು ತಿಳಿಯಬಹುದು. ಒಂದು ಗಂಟೆ ಸಭೆಯನ್ನು ಹಿಡಿದು ಕೂರಿಸಬಲ್ಲಳೇ ಎಂಬುದು ತಿಳಿಯುವುದಿಲ್ಲ. ನಾಳೆ ಹೊಟ್ಟೆ ತುಂಬಿಸಬೇಕಾದದ್ದು ಆ ಒಂದು ಗಂಟೆ.

ನನ್ನ ನಿಜವಾದ ಸಂಕಟ ಇನ್ನೂ ಇದೆ. ಆ ಪರೀಕ್ಷೆ ನಡೆದ ಕೋಣೆಯ ಪಕ್ಕದ ಕೋಣೆಯಲ್ಲೇ ತಬಲಾ ವಿಭಾಗವಿದೆ. ಗೋಡೆಯ ಆ ಕಡೆ ಹುಡುಗರು ಕಾಯಿದೆ, ರೇಲಾ, ಚಕ್ರದಾರ ಎಂಬ ತಬಲಾ ರಚನೆಗಳನ್ನು ಬಾರಿಸಿ ಬಾರಿಸಿ ಬೆರಳು ಸವೆಸುತ್ತಿದ್ದಾರೆ. ಅವರೂ ಇದೇ ವರ್ಷ ಪದವಿ ಪಡೆಯುತ್ತಾರೆ. ಅವರಲ್ಲಿ ಒಬ್ಬನನ್ನು ಕರೆದು ಕೇಳಿದೆ, ಮೂರು ವರ್ಷಗಳಲ್ಲಿ ಗಾಯನ ವಿಭಾಗದವರಿಗೆ ಎಷ್ಟು ಸಲ ಬಾರಿಸಿದ್ದೀಯಪ್ಪ ಎಂದು. ತರಗತಿಯಲ್ಲಿ ಒಮ್ಮೆಯೂ ಇಲ್ಲ ಎಂದ. ಜೋಡಿ ಎತ್ತುಗಳನ್ನು ಬೇರೆ ಬೇರೆ ಕೊಟ್ಟಿಗೆಯಲ್ಲಿ ಬೆಳೆಸಿ, ಬಿತ್ತನೆಯ ದಿನ ಬೆಳಿಗ್ಗೆ ಒಂದೇ ನೊಗಕ್ಕೆ ಕಟ್ಟಿದರೆ ಸಾಲು ನೇರ ಬರುತ್ತದೆಯೇ? ಆ ಹುಡುಗನಿಗೆ ಮುಂದೆ ಏಕವ್ಯಕ್ತಿ ತಬಲಾ ವಾದನಕ್ಕೆ ಕರೆ ಬರುವುದು ಅಪರೂಪ, ಅವನ ಅನ್ನ ಸಾಥಿಯಲ್ಲೇ ಇದೆ. ಗಾಯಕಿಯ ಶ್ರುತಿ ಏನು, ಆ ಶ್ರುತಿಗೆ ತನ್ನ ತಬಲಾ ಏರುತ್ತದೆಯೇ, ಗಟ್ಟಾ (ಬದಿಯ ಮರದ ತುಂಡು) ತಟ್ಟಿ ಸರಿಮಾಡಿದರೆ ಸಾಕೇ ಅಥವಾ ಸಣ್ಣ ಬಾಯಿಯ ಬೇರೆ ತಬಲಾ ತರಬೇಕೇ, ಎಲ್ಲಿ ಸುಮ್ಮನಿರಬೇಕು ಎಂಬುದನ್ನೆಲ್ಲ ಅವನು ಯಾವಾಗ ಕಲಿಯಬೇಕು? ಮೊದಲ ಕಾರ್ಯಕ್ರಮದಲ್ಲೇ, ಜನರ ಎದುರಿಗೇ?

ಇದನ್ನು ಓದಿದ ಕೂಡಲೇ ಕೆಲವರು ಏನು ಬರೆಯುತ್ತಾರೆಂದು ಗೊತ್ತು. "ಭೀಮಸೇನ ಜೋಶಿ ಯಾವ ಪದವಿ ಓದಿದ್ದರು? ಗಂಗೂಬಾಯಿ ಹಾನಗಲ್ಲರು ಯಾವ ಕಾಲೇಜಿಗೆ ಹೋಗಿದ್ದರು? ಸಂಗೀತ ಗುರುಮುಖದಿಂದ ಬರಬೇಕು, ಪದವಿಯಿಂದಲ್ಲ." ಈ ಮಾತು ಕೇಳಿ ಕೇಳಿ ಬೇಸತ್ತಿದ್ದೇನೆ. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಎದುರು ಕುಳಿತು ಕಲಿತರು. ಆ ಗುರುಗಳೇ ನಾಟಕ ಕಂಪನಿಯ ರಂಗದ ಮೇಲೆ ಹಾಡಿ ಹೆಸರಾದವರು. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲೇ ನಾಟಕ ಕಂಪನಿ ಸೇರಿದವರು. ಅವರಿಗೆಲ್ಲ ಸಾಥಿ, ಸಭೆ, ಜನರ ಮುಖ ಯಾವುದೂ ಕಲಿಕೆಯ ಹೊರಗಿರಲಿಲ್ಲ. ಈಗ ಅಂಥ ಕಂಪನಿಗಳು ಎಲ್ಲಿವೆ? ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಇರಲು ಯಾವ ತಂದೆ ತಾಯಿ ಕಳಿಸುತ್ತಾರೆ? ಮೇಲಾಗಿ ಉಪನ್ಯಾಸಕರ ಹುದ್ದೆಗೆ ಸ್ನಾತಕೋತ್ತರ ಪದವಿ ಕೇಳುತ್ತಾರೆ, ನೆಟ್ ಇಲ್ಲವೇ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಕೇಳುತ್ತಾರೆ. ಬಡವರ ಮಕ್ಕಳು ಪದವಿಗೆ ಬರುವುದು ಈ ಕಾರಣಕ್ಕೆ. ಅವರಿಗೆ ಪದವಿ ಬೇಡವೆನ್ನುವ ಹಕ್ಕು ನಮಗಿಲ್ಲ. ಪದವಿ ತನ್ನ ಕೆಲಸ ಮಾಡಲಿ ಎಂದು ಕೇಳುವ ಹಕ್ಕು ಖಂಡಿತ ಇದೆ.

ಆ ನೆಟ್ ಪರೀಕ್ಷೆಯಾದರೂ ಏನು? ಕಂಪ್ಯೂಟರ್ ಮುಂದೆ ಕುಳಿತು ನಾಲ್ಕರಲ್ಲಿ ಒಂದು ಉತ್ತರ ಆರಿಸುವುದು. ಒಂದು ಸ್ವರವನ್ನೂ ಹಾಡಬೇಕಿಲ್ಲ. ಆಕಾಶವಾಣಿಯ ಕಲಾವಿದರ ಶ್ರೇಣಿ ಬೇಕೆಂದರೆ ಮಾತ್ರ ಧ್ವನಿಪರೀಕ್ಷೆಯಲ್ಲಿ ಹಾಡಲೇಬೇಕು, ಬಿ, ಬಿ-ಹೈ, ಎ, ಟಾಪ್ ಎಂದು ಅಲ್ಲಿ ಹಾಡಿನಿಂದಲೇ ಮೇಲೇರಬೇಕು. 1950ರಿಂದ ಧಾರವಾಡದಲ್ಲೇ ಆಕಾಶವಾಣಿ ಇದೆ. ಆ ಧ್ವನಿಪರೀಕ್ಷೆಗೆ ಹೇಗೆ ಸಿದ್ಧವಾಗಬೇಕು, ಅರ್ಜಿ ಎಲ್ಲಿ ಹಾಕಬೇಕು ಎಂದು ಅಂತಿಮ ವರ್ಷದವರನ್ನು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿದರು, ಪುಟ್ಟರಾಜ ಗವಾಯಿಗಳು ಆಶ್ರಮ ನಡೆಸಲು ನಾಟಕ ಕಂಪನಿಯನ್ನೇ ಕಟ್ಟಿದರು. ಅಲ್ಲಿ ಕಲಿತವರು ಇಂದಿಗೂ ಶ್ರಾವಣ ಬಂತೆಂದರೆ ಮಠಗಳ ಪುರಾಣ ಪ್ರವಚನಕ್ಕೆ ಹೋಗುತ್ತಾರೆ. ತಿಂಗಳಿಡೀ ರಾತ್ರಿ ಹಾಡಬೇಕು, ಬಾರಿಸಬೇಕು. ಪ್ರವಚನಕಾರರು ಯಾವ ಹೊತ್ತಿಗೆ ಮಾತು ನಿಲ್ಲಿಸಿ ಯಾವ ವಚನ ಬೇಕೆನ್ನುತ್ತಾರೋ ಹೇಳಲಾಗದು, ಮೈಕ್ ಕೈಕೊಡುತ್ತದೆ, ಎದುರಿಗೆ ಮಕ್ಕಳು ಅಳುತ್ತವೆ. ಅಲ್ಲಿಂದ ಬಂದ ಹುಡುಗನ ಜೊತೆ ನಾನು ಯಾವ ತಯಾರಿಯೂ ಇಲ್ಲದೆ ವೇದಿಕೆ ಹತ್ತಬಲ್ಲೆ. ದೊಡ್ಡ ಗಾಯಕರಾದ ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರೆಂಬುದನ್ನು ನೆನೆಯಿರಿ, ಸಾಕು.

ಸಾಥಿದಾರರಿಗೆ ಕೊಡಲು ಹಣವಿಲ್ಲ ಎಂಬ ಕಾಲೇಜುಗಳ ಉತ್ತರವನ್ನು ನಾನು ಒಪ್ಪುವುದಿಲ್ಲ. ಹಣ ಬೇಕಿಲ್ಲ, ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ತಾಸು ಬೇಕು. ಆ ಎರಡು ತಾಸು ಗಾಯನ, ತಬಲಾ, ಹಾರ್ಮೋನಿಯಂ ಕಲಿಯುವವರೆಲ್ಲ ಒಂದೇ ಜಮಖಾನದ ಮೇಲೆ ಕೂರಲಿ. ಅಂತಿಮ ವರ್ಷದಲ್ಲಿ ಪ್ರತಿಯೊಬ್ಬರೂ ಒಂದು ಗಂಟೆಯ ಸಂಗೀತ ಬೈಠಕ್ ಕೊಡಲಿ, ಜನರಿಗೆ ಬಾಗಿಲು ತೆರೆದಿರಲಿ, ಅದಕ್ಕೆ ಅಂಕವಿರಲಿ. ಹುಬ್ಬಳ್ಳಿ-ಧಾರವಾಡದಲ್ಲಿ ಕೇಳುವ ಕಿವಿಗಳಿಗೆ ಬರವೇ?

ಪಠ್ಯಕ್ರಮ ಸಮಿತಿಗಳಲ್ಲಿ ಇರುವ ಸ್ನೇಹಿತರು ಈ ಬರಹ ಓದುತ್ತೀರಿ. ಮುಂದಿನ ಸಭೆಯಲ್ಲಿ ದಯವಿಟ್ಟು ಈ ವಿಷಯ ಎತ್ತಿ, ನಾನು ಬರಹದಲ್ಲೂ ಕೊಡುತ್ತೇನೆ. ಅಲ್ಲಿಯವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಪಡಸಾಲೆ ಖಾಲಿ ಇರುತ್ತದೆ. ಸಂಗೀತ ಓದುತ್ತಿರುವ ಮಕ್ಕಳನ್ನು ಕಳಿಸಿ, ಶುಲ್ಕವಿಲ್ಲ. ನಿನ್ನೆಯ ಹುಡುಗಿಗೂ ಪಕ್ಕದ ಕೋಣೆಯ ಹುಡುಗನಿಗೂ ಹೇಳಿದ್ದೇನೆ. ನಾನು ಬಾರಿಸುವುದಿಲ್ಲ. ಅವನು ಬಾರಿಸುತ್ತಾನೆ, ಅವಳು ಹಾಡುತ್ತಾಳೆ, ತಪ್ಪಿದಲ್ಲಿ ನಿಲ್ಲಿಸಿ ಹೇಳಲು ನಾನಿರುತ್ತೇನೆ. ಹಾರ್ಮೋನಿಯಂ ಬಾರಿಸುವ ವಿದ್ಯಾರ್ಥಿ ಯಾರಾದರೂ ಇದ್ದರೆ ತಿಳಿಸಿ.