ಸೋಯಾಕ್ಕೆ ಗಡೀಪಾರು, ಮಂಚೂರಿಗೆ ಮಾಫಿ

ರಾಜ್ಯೋತ್ಸವದ ಊಟಕ್ಕೆ ಏನೇನು ಮಾಡಿಸೋಣ ಅಂತ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕಾಲೊನಿಯ ಕನ್ನಡ ಬಳಗ ಸಭೆ ಸೇರಿತು. ಪಲಾವಿಗೆ ಸೋಯಾ ಚಂಕ್ಸ್ ಹಾಕ್ತೇನೆ ಅಂತ ಅಡುಗೆ ಭಟ್ಟರು ಅಂದದ್ದೇ ತಡ, ಹಿಂದಿನ ಸಾಲಿನಲ್ಲಿ ಮೊಬೈಲುಗಳು ಮೇಲೆದ್ದವು, ಸೋಯಾ ತಿಂದರೆ ಥೈರಾಯ್ಡ್ ಕೆಡುತ್ತದೆ ಅನ್ನುವ ವಾಟ್ಸಾಪ್ ಮೆಸೇಜು ತೋರಿಸುತ್ತಾ. "ಅಯ್ಯೋ ಬೇಡ ಮಾರಾಯ್ರೆ, ಇಲ್ಲಿ ಅರ್ಧ ಜನಕ್ಕೆ ಥೈರಾಯ್ಡು!" ಟೀ ಆರುವ ಮೊದಲೇ ಠರಾವು ಪಾಸಾಯಿತು. ಹೋದ ವರ್ಷದ ಲೆಕ್ಕಪತ್ರಕ್ಕೆ ಇನ್ನೂ ಒಪ್ಪಿಗೆ ಕೊಡದ ಬಳಗ ಇದು, ನೆನಪಿರಲಿ.

ಆಮೇಲೆ ಗೋಬಿ ಮಂಚೂರಿಯ ಸರದಿ. ಅದರ ಕಪ್ಪು ಸಾಸು ಯಾವುದರದ್ದು ಅಂತ ಕಾಲೇಜು ಹುಡುಗನೊಬ್ಬ ಕೇಳಿಯೇ ಬಿಟ್ಟ. "ಅದು ಸಾಸು ಕಣೋ, ಸೋಯಾ ಬೇರೆ" ಅಂತ ಕಾರ್ಯದರ್ಶಿಗಳು ತೀರ್ಪು ಕೊಟ್ಟರು. ಥೈರಾಯ್ಡಿನವರು ಹೂಕೋಸೂ ಮುಟ್ಟಬಾರದು ಅಂತ ಅದೇ ವಾಟ್ಸಾಪ್ ಮೆಸೇಜಿನ ಕೆಳಗಡೆ ಇತ್ತು. ಅಷ್ಟು ಕೆಳಗಿನ ತನಕ ಯಾರು ಓದ್ತಾರೆ? ಮಂಚೂರಿ ಉಳಿಯಿತು.

ಸೋಯಾದ ಮೇಲಿನ ಆರೋಪ ಪೂರ್ತಿ ಗಾಳಿಮಾತಲ್ಲ. ಅದರಲ್ಲಿರುವ ಐಸೊಫ್ಲೇವೋನು ಅನ್ನುವ ಅಂಶಗಳು ಥೈರಾಯ್ಡ್ ಹಾರ್ಮೋನು ತಯಾರಿಸುವ ಕಿಣ್ವಕ್ಕೆ ಅಡ್ಡಿ ಮಾಡುವುದು ಪ್ರಯೋಗಶಾಲೆಯಲ್ಲಿ ಕಂಡಿದೆ. ಹಿಂದೆ ಅಯೋಡಿನ್ ಸೇರಿಸದ ಸೋಯಾ ಹಾಲಿನ ಪುಡಿ ಕುಡಿದ ಕೆಲವು ಹಸುಗೂಸುಗಳಿಗೆ ಗಳಗಂಡ, ಅಂದರೆ ಕತ್ತಿನ ಥೈರಾಯ್ಡ್ ಗ್ರಂಥಿಯ ಊತ, ಆಗಿದ್ದೂ ನಿಜ. ಆದರೆ ಅಯೋಡಿನ್ ಸಾಕಷ್ಟು ಸಿಗುವ ದೊಡ್ಡವರಿಗೆ ಸೋಯಾದಿಂದಲೇ ಥೈರಾಯ್ಡ್ ಕೆಡುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಅದರ ತಂಟೆಯೆಲ್ಲ ಮಾತ್ರೆಯ ಜೊತೆ. ಥೈರಾಯ್ಡಿನವರ ಮಾತ್ರೆ ಲೆವೊಥೈರಾಕ್ಸಿನ್ ನುಂಗಿದ ಕೂಡಲೇ ಸೋಯಾ ತಿಂದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನ ಜೊತೆ ಮಾತ್ರೆ, ಮಧ್ಯಾಹ್ನ ಸೋಯಾ ಪಲಾವು. ಜಗಳ ಮುಗಿಯಿತು, ಅಲ್ವಾ? ದಿನಾ ಸೋಯಾ ತಿನ್ನುವವರಾದರೆ ಡಾಕ್ಟರಿಗೆ ಹೇಳಿಡಬೇಕು. ಥೈರಾಯ್ಡಿನ ರಕ್ತಪರೀಕ್ಷೆ ಟಿಎಸ್‌ಎಚ್ ನೋಡಿ ಡೋಸು ಸರಿಮಾಡ್ತಾರೆ.

ಠರಾವು ಮಂಡಿಸಿದ ಅಕ್ಕನ ಬೆಳಗನ್ನು ಮಾತ್ರ ನೋಡಬೇಕು. ಒಂದು ಕೈಯಲ್ಲಿ ಥೈರಾಯ್ಡ್ ಮಾತ್ರೆ, ಇನ್ನೊಂದರಲ್ಲಿ ಹೊಗೆಯಾಡುವ ಫಿಲ್ಟರ್ ಕಾಫಿ. ಅದೇ ಗುಟುಕಿಗೆ ಕ್ಯಾಲ್ಸಿಯಂ, ಅದರ ಹಿಂದೆಯೇ ಕಬ್ಬಿಣದ ಮಾತ್ರೆ. "ಒಟ್ಟಿಗೇ ಮುಗಿಸಿಬಿಟ್ರೆ ಮರೆಯಲ್ಲ ನೋಡಿ" ಅಂತ ಸೆರಗು ಸಿಕ್ಕಿಸಿಕೊಂಡು ಫಾಸ್ಟ್ ಲೋಕಲ್ ಹಿಡಿಯಲು ಓಡುತ್ತಾರೆ. ಕಾಫಿಯೂ ಆ ಮಾತ್ರೆಗೆ ಅಡ್ಡಗಾಲು. ಕ್ಯಾಲ್ಸಿಯಂ, ಕಬ್ಬಿಣಕ್ಕಂತೂ 4 ಗಂಟೆ ಅಂತರ ಬೇಕು. ಇವು ಮೂರೂ ದಿನಾ ಬೆಳಿಗ್ಗೆ ರಾಜಾರೋಷವಾಗಿ ಒಳಗೆ ಹೋಗುತ್ತವೆ. ವರ್ಷಕ್ಕೊಮ್ಮೆ ಪಲಾವಿನಲ್ಲಿ ಸಿಗಬಹುದಾಗಿದ್ದ ನಾಲ್ಕು ಸೋಯಾ ಉಂಡೆ ಮಾತ್ರ ಭಯೋತ್ಪಾದಕರು. ಕಾಫಿ ಬಿಡಿ ಅಂತ ಠರಾವು ತಂದಿದ್ದರೆ ಬಳಗವೇ ಎರಡು ಹೋಳಾಗುತ್ತಿತ್ತು ಅನ್ನಿ.

ಈಗ ಸೋಯಾದ ಜಾಗಕ್ಕೆ ಪನೀರ್ ಬಂದಿದೆ. ಒಣ ಸೋಯಾ ಚಂಕ್ಸ್ 100 ಗ್ರಾಮಿಗೆ ಸುಮಾರು 50 ಗ್ರಾಂ ಪ್ರೋಟೀನು ಕೊಡುತ್ತದೆ, ಅದೂ ಕಡಿಮೆ ದುಡ್ಡಿಗೆ. ಆ ಲೆಕ್ಕ ಯಾರಿಗೆ ಬೇಕು? ಕೂಪನ್ ದರ ಏರಿತು. ಅತ್ತ ಲಾತೂರಿನ ಮಾರುಕಟ್ಟೆಗೆ ಸೋಯಾಬೀನ್ ಮೂಟೆ ಹೊತ್ತು ಬರುವ ರೈತನಿಗೆ ನಮ್ಮ ಠರಾವಿನ ಸುದ್ದಿ ಇನ್ನೂ ಮುಟ್ಟಿಲ್ಲ.

ಕೊನೆಗೆ ಉಳಿದದ್ದು ರಂಗೋಲಿ ಸ್ಪರ್ಧೆಯ ಬಹುಮಾನ. ಸ್ಟೀಲ್ ಡಬ್ಬಿ ಹಳೇ ಕಾಲದ್ದು, ಈ ಸಲ ಏನಾದರೂ ಆರೋಗ್ಯದ ವಸ್ತು ಕೊಡೋಣ ಅಂತ ತೀರ್ಮಾನವಾಯಿತು. ಆರಿಸಿದ್ದು ಗುಲಾಬಿ ಬಣ್ಣದ ಕಲ್ಲುಪ್ಪು, ಗಾಜಿನ ಬಾಟಲಿಯಲ್ಲಿ, ರಿಬ್ಬನ್ ಕಟ್ಟಿದ್ದು. ಗಳಗಂಡ ಓಡಿಸಲು ಸರ್ಕಾರ 1962ರಿಂದ ಅಯೋಡಿನ್ ಉಪ್ಪಿನ ಹಿಂದೆ ಬಿದ್ದಿದೆ. ಗುಲಾಬಿ ಉಪ್ಪಿಗೆ ಅಯೋಡಿನ್ ಬೆರೆಸದಿದ್ದರೆ ಅದರಲ್ಲಿ ಇರುವುದು ಬಣ್ಣ ಮತ್ತು ರೇಟು, ಅಷ್ಟೇ. "ಮಾಮೂಲಿ ಉಪ್ಪಿಗಿಂತ ಇಷ್ಟು ಜಾಸ್ತಿ ಯಾಕೆ?" ಅಂತ ಖಜಾಂಚಿ ಮೆಲ್ಲಗೆ ಕೇಳಿದರು.

"ಥೈರಾಯ್ಡಿನವರು ಇರ್ತಾರಲ್ರೀ" ಅಂದರು ಅಕ್ಕ. "ಆರೋಗ್ಯದ ವಿಷಯದಲ್ಲಿ ಖರ್ಚು ನೋಡಬಾರದು."