ಪ್ರಿಂಟ್ ಬಂತಾ ಮಾಷ್ಟ್ರೆ?

ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರ್ ಲ್ಯಾಬಲ್ಲಿ ಇರೋದು ಉಬುಂಟು, ಅಂದ್ರೆ ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ ಒಂದು ಫ್ರೀ ಸಾಫ್ಟ್‌ವೇರ್. ಕಾಸರಗೋಡಿನ ಕನ್ನಡ ಮೀಡಿಯಂ ಶಾಲೆಗೂ ಅದೇ, ಅದಕ್ಕೆ ನಮ್ದೇನೂ ತಕರಾರಿಲ್ಲ, ಮಕ್ಕಳು ಚಂದ ಕಲಿತಾರೆ. ಆದ್ರೆ ಆಫೀಸಿನ ಕಂಪ್ಯೂಟರಲ್ಲಿ ವಿಂಡೋಸ್, ಯಾಕಂದ್ರೆ ಶಾಲೆಯ ಹಳೇ ಕನ್ನಡ ಫೈಲುಗಳೆಲ್ಲ ನುಡಿ ಮತ್ತೆ ಬರಹ ಅನ್ನುವ ವಿಂಡೋಸ್ ಸಾಫ್ಟ್‌ವೇರುಗಳಲ್ಲಿ ಟೈಪ್ ಆಗಿ ಕೂತಿವೆ. ಇದ್ರ ಮೇಲೆ ಹೊಸದಾಗಿ ಬಂದ ಇಂಗ್ಲಿಷ್ ಟೀಚರ್ ಆ್ಯಪಲ್ ಕಂಪನಿಯ ಮ್ಯಾಕ್ ಹಿಡ್ಕೊಂಡು ಬಂದ್ರು. ಪ್ರಿಂಟರ್ ಮಾತ್ರ ಒಂದೇ ಒಂದು, ಅದನ್ನು ಆಫೀಸ್ ಕಂಪ್ಯೂಟರಿಗೆ ಯುಎಸ್‌ಬಿ ವಯರಲ್ಲಿ ಕಟ್ಟಿ, ಅಲ್ಲಿಂದ ಎಲ್ಲರಿಗೂ ಶೇರ್ ಮಾಡಿದ್ದು. ಅಂದ್ರೆ ಆ ಕಂಪ್ಯೂಟರ್ ಆನ್ ಇದ್ರೆ ಶಾಲೆಗೆ ಪ್ರಿಂಟರ್ ಉಂಟು, ಆಫ್ ಆದ್ರೆ ಇಲ್ಲ.

ನಾನು ಎಸ್‌ಐಟಿಸಿ. ಹಾಗಂದ್ರೆ ಸ್ಕೂಲ್ ಐಟಿ ಕೋಆರ್ಡಿನೇಟರ್. ಸ್ಟಾಫ್ ರೂಮಲ್ಲಿ ಯಾರು ಒಮ್ಮೆ ಸತ್ತ ಮೌಸಿನ ವಯರ್ ಎಳೆದು ಮತ್ತೆ ಸಿಕ್ಕಿಸಿ ಜೀವ ಬರಿಸ್ತಾರೋ ಅವರಿಗೆ ರಿಟೈರ್ ಆಗುವ ತನಕ ಈ ಹುದ್ದೆ.

ಇದ್ರಲ್ಲಿ ಒಂದು ತಮಾಷೆ ಉಂಟು ನೋಡಿ. ಈ ಫ್ರೀ ಸಾಫ್ಟ್‌ವೇರ್ ಅನ್ನುವ ಚಳವಳಿಯ ಹಿಂದೆ ಇದ್ದದ್ದೇ ಪ್ರಿಂಟರಿನ ಕಾಟ. 1980ರ ಆಸುಪಾಸು ಅಮೆರಿಕದ ಎಂಐಟಿಯ ಲ್ಯಾಬಿಗೆ ಹೊಸ ಲೇಸರ್ ಪ್ರಿಂಟರ್ ಬಂತು. ಹಳೇ ಪ್ರಿಂಟರಲ್ಲಿ ಪೇಪರ್ ಸಿಕ್ಕಿಕೊಂಡ್ರೆ ಕಾಯ್ತಾ ಇರುವವರ ಸ್ಕ್ರೀನಿಗೆ ಮೆಸೇಜ್ ಹೋಗುವ ಹಾಗೆ ರಿಚರ್ಡ್ ಸ್ಟಾಲ್‌ಮನ್ ಅನ್ನುವವರು ಏರ್ಪಾಡು ಮಾಡಿದ್ರು, ಹೊಸದಕ್ಕೂ ಹಾಗೇ ಮಾಡೋಣ ಅಂದ್ರೆ ಅದರ ಸೋರ್ಸ್ ಕೋಡ್, ಅಂದ್ರೆ ಪ್ರೋಗ್ರಾಮಿನ ಮೂಲ ಬರಹ, ಕೊಡುವವರಿಲ್ಲ. ಆ ಸಿಟ್ಟು ಒಳಗೊಳಗೇ ಕಾದು 1983ರಲ್ಲಿ ಗ್ನೂ ಅನ್ನುವ ಫ್ರೀ ಸಾಫ್ಟ್‌ವೇರ್ ಯೋಜನೆ ಆಯ್ತು, 2001ರಲ್ಲಿ ಅವರು ತಿರುವನಂತಪುರಕ್ಕೂ ಬಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ (ಎಫ್‌ಎಸ್‌ಎಫ್) ಇಂಡಿಯಾ ಉದ್ಘಾಟನೆ ಮಾಡಿ ಹೋದ್ರು. ಇಷ್ಟೆಲ್ಲ ಆಗಿಯೂ ನಮ್ಮ ಲ್ಯಾಬಿನ ಉಬುಂಟುವಿಗೆ ಇಡೀ ಪ್ರಪಂಚದಲ್ಲಿ ಬಾರದ ಕೆಲಸ ಅಂತ ಇದ್ರೆ ಅದು ಪಕ್ಕದ ರೂಮಿನ ಪ್ರಿಂಟರಿಗೆ ಒಂದು ಹಾಳೆ ಕಳಿಸೋದು.

ಪೂರ್ತಿ ಬರೋದೇ ಇಲ್ಲ ಅಂತಲ್ಲ. ಸಾಂಬಾ ಅಂತ ಒಂದು ಸಾಫ್ಟ್‌ವೇರ್ ಉಂಟು, ಆಸ್ಟ್ರೇಲಿಯಾದ ಆಂಡ್ರೂ ಟ್ರಿಜೆಲ್ ಶುರು ಮಾಡಿದ್ದು, ವಿಂಡೋಸಿನ ಹತ್ರ ವಿಂಡೋಸಿನ ಭಾಷೆಯಲ್ಲೇ ಮಾತಾಡ್ತದೆ. ಅದು ಹೋಗಿ ಬಾಗಿಲು ತಟ್ಟಿದ ಕೂಡ್ಲೇ ಯೂಸರ್‌ನೇಮ್ ಪಾಸ್‌ವರ್ಡ್ ಕೇಳುವ ಡಬ್ಬಿ ಸ್ಕ್ರೀನಲ್ಲಿ ಏಳ್ತದೆ. ಯಾರ ಪಾಸ್‌ವರ್ಡ್? ಲ್ಯಾಬಿಂದಾ? ಪ್ರಿಂಟರಿಂದಾ? ಬೇಕಾದ್ದು ಆಫೀಸಿನ ವಿಂಡೋಸಿಂದು, ಅದು ನಮ್ಮ ಕ್ಲರ್ಕ್ ಟೀಚರಿಗೆ ಬಿಟ್ರೆ ಬೇರೆ ಯಾರಿಗೂ ಗೊತ್ತಿಲ್ಲ. ಅವರು ಪಯ್ಯನ್ನೂರು ಕಡೆಯವರು, ಬಾಯಿ ಬಿಟ್ಟು ಹೇಳ್ಲಿಕ್ಕೆ ತಯಾರಿಲ್ಲ, ಹಾಗಾಗಿ ಲ್ಯಾಬಿನ ಒಂದೊಂದು ಕಂಪ್ಯೂಟರಿನ ಹತ್ರ ಸ್ವತಃ ಬಂದು, ಎಡಗೈಯಲ್ಲಿ ಕೀಬೋರ್ಡ್ ಮುಚ್ಚಿ, ಬಲಗೈಯ ಒಂದು ಬೆರಳಲ್ಲಿ ಕುಟ್ಟಿ ಹೋದ್ರು. ನಾವೆಲ್ಲ ಮರ್ಯಾದೆಯಿಂದ ಗೋಡೆ ಕಡೆ ನೋಡ್ತಾ ನಿಂತಿದ್ವಿ.

ಇನ್ನು ಸಮಾಜ ಮಾಷ್ಟ್ರ ಕಥೆ. ಪಿಟಿಎ ಮೀಟಿಂಗಿನ ನೋಟೀಸ್ ಕೊಡ್ಲಿಕ್ಕಿತ್ತು, ಸಂಜೆ ಲ್ಯಾಬಿಗೆ ಬಂದು ಪ್ರಿಂಟ್ ಒತ್ತಿದ್ರು. ಆಫೀಸ್ ಆಗಲೇ ಬಾಗಿಲು ಹಾಕಿ ಕುಂಬಳೆ ಬಸ್ಸು ಹತ್ತಿ ಆಗಿತ್ತು. ಬರಲಿಲ್ಲ, ಮತ್ತೆ ಒತ್ತಿದ್ರು, ಪಕ್ಕದ ಕಂಪ್ಯೂಟರಲ್ಲಿ ಒತ್ತಿದ್ರು, ಅದರ ಪಕ್ಕದ್ದರಲ್ಲೂ ಒತ್ತಿದ್ರು, ಹೋಗುವಾಗ ಸಿಟ್ಟಲ್ಲಿ ಇನ್ನೊಮ್ಮೆ ಒತ್ತಿದ್ರು. ಅವರಿಗೆ ಗೊತ್ತಿಲ್ಲದ್ದು ಏನಂದ್ರೆ ಸಾಂಬಾಕ್ಕೆ ನಾಚಿಕೆ ಇಲ್ಲ, ಆಚೆಯವರು ಬಾಗಿಲು ತೆಗೀದಿದ್ರೆ ನಿಮಿಷಕ್ಕೊಮ್ಮೆ ಮತ್ತೆ ತಟ್ತದೆ, ಮೆಷಿನ್ ಆಫ್ ಮಾಡಿ ಹಾಕಿದ್ರೂ ಕಾಯ್ತಾ ಇರುವ ಪ್ರಿಂಟುಗಳ ಕ್ಯೂ ಅಳಿಯೋದಿಲ್ಲ.

ಮರುದಿನ ಬೆಳಿಗ್ಗೆ ಎಇಒ, ಅಂದ್ರೆ ಶಿಕ್ಷಣ ಇಲಾಖೆಯ ಅಧಿಕಾರಿ, ಬಂದಿದ್ರು. ಹೆಡ್‌ಮಾಷ್ಟ್ರು ಅಟೆಂಡೆನ್ಸ್ ರಿಜಿಸ್ಟರ್ ತೋರಿಸ್ತಾ ಇದ್ದಾರೆ, ಆಚೆ ಲ್ಯಾಬಲ್ಲಿ ಎಂಟನೇ ಕ್ಲಾಸಿನ ಮಕ್ಕಳು ಒಂದೊಂದೇ ಕಂಪ್ಯೂಟರ್ ಆನ್ ಮಾಡ್ತಾ ಇದ್ದಾರೆ, ಈಚೆ ಎಇಒ ಬೆನ್ನ ಹಿಂದಿಂದ ಪ್ರಿಂಟರ್ ಕರಕರ ಅಂತ ಶುರು ಮಾಡ್ತು. ‘ಮಾನ್ಯರೇ, ತಾವು ತಪ್ಪದೆ ಹಾಜರಿರಬೇಕಾಗಿ ವಿನಂತಿ.’ ಮತ್ತೆ ಅದೇ. ಮತ್ತೆ ಅದೇ. ಟ್ರೇ ತುಂಬಿ ನೆಲಕ್ಕೆ ಬೀಳ್ಲಿಕ್ಕೆ ಶುರುವಾಯ್ತು. ಕ್ಲರ್ಕ್ ಟೀಚರ್ ಓಡಿ ಬಂದು ಬಾಗಿಲಲ್ಲಿ ನಿಂತು, “ಮಾಷೇ, ಇದು ನಿಲ್ಕುನ್ನಿಲ್ಲಲ್ಲೋ!” ಅಂತ ಮಲಯಾಳದಲ್ಲಿ ಅಂದ್ರು, ಇದು ನಿಲ್ತಾನೇ ಇಲ್ವಲ್ಲ ಅಂತ. ಎಇಒ ಒಂದು ಹಾಳೆ ಎತ್ತಿ ಪೂರ್ತಿ ಓದಿ, ತಾರೀಕು ನೋಡಿ, ಮಡಚಿ ಕಿಸೆಗೆ ಹಾಕ್ಕೊಂಡ್ರು. ಬರ್ತಾರೋ ಏನೋ ಅಂತ ಹೆಡ್‌ಮಾಷ್ಟ್ರಿಗೆ ಮೀಟಿಂಗ್ ಮುಗಿಯುವ ತನಕ ಎದೆ ಡವಡವ.

ಮ್ಯಾಕ್ ಟೀಚರ್ ಇದನ್ನೆಲ್ಲ ನೋಡಿ ನಕ್ಕದ್ದೇ ನಕ್ಕದ್ದು. ಅವರ ಮ್ಯಾಕಲ್ಲೂ ಉಬುಂಟುವಲ್ಲೂ ಪ್ರಿಂಟಿಂಗ್ ನೋಡಿಕೊಳ್ಳೋದು ಕಪ್ಸ್ ಅನ್ನುವ ಅದೇ ಸಾಫ್ಟ್‌ವೇರ್, ಮ್ಯಾಕಲ್ಲಂತೂ 2002ರಿಂದಲೇ, ಅಂತ ನಾನು ಹೇಳಿದೆ, ನಂಬಲಿಲ್ಲ. ಮ್ಯಾಕಿನ ಡ್ರೈವರ್ ಪಟ್ಟಿಯಲ್ಲಿ, ಅಂದ್ರೆ ಪ್ರಿಂಟರ್ ನಡೆಸುವ ಸಾಫ್ಟ್‌ವೇರುಗಳ ಪಟ್ಟಿಯಲ್ಲಿ, ನಮ್ಮ ಪ್ರಿಂಟರಿನ ಹೆಸರು ಇರಲಿಲ್ಲ, ಯಾವುದೋ ಜೆನೆರಿಕ್ ಪೋಸ್ಟ್‌ಸ್ಕ್ರಿಪ್ಟ್ ಆರಿಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆ ಕಳಿಸಿದ್ರು. ಬಂದದ್ದು ಹೀಗೆ: ಮೊದಲ ಹಾಳೆಯ ತಲೆಯಲ್ಲಿ ಒಂದು ಪರ್ಸೆಂಟ್ ಚಿಹ್ನೆ, ಅದರ ಪಕ್ಕ ಒಂದು ಉದ್ಗಾರ ಚಿಹ್ನೆ, ಆಮೇಲೆ ಪಿ, ಎಸ್. ಕೆಳಗೆ ಪುಟಗಟ್ಟಲೆ ಅಂಕಿ, ಬ್ರಾಕೆಟು, ಗೀಟು. ಪೋಸ್ಟ್‌ಸ್ಕ್ರಿಪ್ಟ್ ಅನ್ನೋದು ಪುಟ ಹೇಗೆ ಬರೆಯಬೇಕು ಅಂತ ಪ್ರಿಂಟರಿಗೆ ಕೊಡುವ ಪ್ರೋಗ್ರಾಂ, ಅದು ಅರ್ಥ ಆಗದ ಪ್ರಿಂಟರ್ ಪ್ರೋಗ್ರಾಮನ್ನೇ ಹಾಳೆ ಮೇಲೆ ಬರೆದು ಕೊಟ್ಟಿತ್ತು. ಗಣಿತದ ಮಾಷ್ಟ್ರು ಒಂದು ಪುಟ ತಗೊಂಡು, “ಪೋರ್ಶನ್ ಜಾಸ್ತಿ ಆಯ್ತು ಟೀಚರೇ” ಅಂದ್ರು.

ಹಾಗಾದ್ರೆ ವಿಂಡೋಸಿಂದ ವಿಂಡೋಸಿಗೆ ಸುಲಭ ಅಂತ ಅಂದ್ಕೊಂಡ್ರಾ? 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಅಂತ ಒಂದು ಭದ್ರತಾ ಲೋಪ ಸಿಕ್ಕಿತು, ಅದನ್ನು ಮುಚ್ಚಲಿಕ್ಕೆ ಬಂದ ಅಪ್‌ಡೇಟುಗಳ ನಂತರ ಎಷ್ಟೋ ಕಡೆ ಶೇರ್ ಮಾಡಿದ ಪ್ರಿಂಟರ್‌ಗಳೇ ಸಿಗದಾದವು. ಹೆಡ್‌ಮಾಷ್ಟ್ರ ಲ್ಯಾಪ್‌ಟಾಪಲ್ಲಿ ಸೊನ್ನೆಗಳ ಸಾಲಿನ ಕೊನೆಗೆ ಒನ್ ಒನ್ ಬಿ ಅಂತ ಬರುವ ಎರರ್. ಅವರು ಅದನ್ನು ಚೀಟಿಯಲ್ಲಿ ಬರೆದು, ಗಾಡಿ ನಂಬರೋ ಏನೋ ಅನ್ನುವ ಹಾಗೆ ನನ್ನ ಕೈಗೆ ಕೊಟ್ರು.

ಈಗ ಎಲ್ಲರೂ ಪಿಡಿಎಫ್ ಮಾಡಿ ಪೆನ್‌ಡ್ರೈವಲ್ಲಿ ಹಾಕ್ಕೊಂಡು ಆಫೀಸ್ ಬಾಗಿಲಲ್ಲಿ ಕ್ಯೂ ನಿಲ್ತಾರೆ. ನೆಟ್‌ವರ್ಕೂ ಬೇಡ, ಸಾಂಬಾವೂ ಬೇಡ. ಕ್ಲರ್ಕ್ ಟೀಚರಿಗೆ ಮಾತ್ರ ತಲೆ ಕೆಟ್ಟು ಹೋಗಿ, ಅವರೇ ಪಿಟಿಎಯಲ್ಲಿ ಎದ್ದು ನಿಂತು ಮಾತಾಡಿ ಹೊಸ ವೈಫೈ ಪ್ರಿಂಟರಿಗೆ ಠರಾವು ಪಾಸ್ ಮಾಡಿಸಿದ್ರು. ಡ್ರೈವರ್ ಹಾಕದೆ ಮೂರೂ ಸಿಸ್ಟಮಿಂದ ಪ್ರಿಂಟ್ ಆಗ್ತದಂತೆ. ಇನ್ನು ಆ ಠರಾವಿನ ಕಾಪಿ ಒಂದು ಪ್ರಿಂಟ್ ತೆಗೆದು ಸಹಿ ಹಾಕ್ಸಿದ್ರೆ ಆಯ್ತು, ಆದ್ರೆ ಫೈಲ್ ಇರೋದು ಸಮಾಜ ಮಾಷ್ಟ್ರ ಹತ್ರ, ಅವರು ಲ್ಯಾಬಲ್ಲಿದ್ದಾರೆ.