ಅರಿಶಿನ ಹಾಲಿಗೊಂದು ಶಾಲು, ಒಂದು ಹಾರ

ಗರ್ಭಕಂಠದ ಕ್ಯಾನ್ಸರಿಗೆ ಕಲಬುರಗಿಯಲ್ಲಿ ಮದ್ದಿನ ಬರ ಇಲ್ಲ. ವಾಟ್ಸಾಪ್ ತೆಗೆದರೆ ಸಾಕು. ಬೆಳಿಗ್ಗೆ ಅರಿಶಿನ, ಮಧ್ಯಾಹ್ನ ಗ್ರೀನ್ ಟೀ, ರಾತ್ರಿ ಬೀದರಿನ ಶುಂಠಿ. "ಕ್ಯಾನ್ಸರಿನ ಕಾಂಡಕೋಶಗಳೇ ನಿರ್ನಾಮ! ಹತ್ತು ಮಂದಿಗೆ ಕಳಿಸಿ, ಪುಣ್ಯ ಕಟ್ಟಿಕೊಳ್ಳಿ."

ಕ್ಯಾನ್ಸರಿನ ಕಾಂಡಕೋಶ, ಅಂದರೆ ಗಡ್ಡೆಯನ್ನು ಮತ್ತೆ ಬೆಳೆಸಬಲ್ಲ ಮೂಲ ಕೋಶ, ಇರೋದೇನೋ ಸುಳ್ಳಲ್ಲ. ಗಡ್ಡೆಯಲ್ಲಿ ಅವು ಇರೋದು ಸ್ವಲ್ಪವೇ. ಕಿಮೋಗೆ ಉಳಿದ ಕೋಶಗಳು ಸತ್ತರೂ ಇವು ಔಷಧಿಯನ್ನೇ ಹೊರಗೆ ದಬ್ಬಿ ಬದುಕಬಲ್ಲವು. ತೊಗರಿ ಹೊಲದ ಕರಕಿ ಇದ್ದಂಗೆ, ಮೇಲೆ ಕಿತ್ತರೆ ಬೇರಿನಿಂದ ಮತ್ತೆ ಚಿಗುರುತ್ತವೆ. ಅರಿಶಿನದಲ್ಲಿರುವ ಕರ್ಕ್ಯುಮಿನ್, ಬ್ರೊಕೊಲಿಯಲ್ಲಿರುವ ಸಲ್ಫೊರಾಫೇನ್ ಎಂಬ ಅಂಶಗಳು ಈ ಕೋಶಗಳನ್ನು ಮಣಿಸಬಲ್ಲವೇ ಅಂತ ವಿಜ್ಞಾನಿಗಳು ನೋಡುತ್ತಿದ್ದಾರೆ. ಹೆಚ್ಚಾಗಿ ಪ್ರಯೋಗಾಲಯದ ತಟ್ಟೆಯಲ್ಲಿ. ಆ ತಟ್ಟೆಯ ಕೋಶಗಳನ್ನು 37 ಡಿಗ್ರಿಯಲ್ಲಿ ಸಾಕುತ್ತಾರೆ. ಮೇ ತಿಂಗಳಲ್ಲಿ ನಮ್ಮ ಜಗತ್ ಸರ್ಕಲ್ಲಿನ ಬಿಸಿಲಿಗೆ ತಂದಿಟ್ಟರೆ ಊಟದ ಹೊತ್ತಿಗೆ ಎಲ್ಲಾ ಖಲಾಸ್. ಹಾಗಂತ ಕಲಬುರಗಿ ಬಿಸಿಲು ಕ್ಯಾನ್ಸರಿಗೆ ರಾಮಬಾಣ ಅಂತ ಇನ್ನೂ ಯಾರೂ ಫಾರ್ವರ್ಡ್ ಮಾಡಿಲ್ಲ. ನಾಳೆ ಮಾಡಿದರೂ ಮಾಡಿಯಾರು.

ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಸುಮಾರು ಮೂರು ಪಾಲು. ರೋಗಿಗಳಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದ್ದಾರೆ, ರಕ್ತಕ್ಕೆ ಸೇರಿದ್ದು ಅಷ್ಟಕ್ಕಷ್ಟೇ. ಆ 8 ಗ್ರಾಂ ಬೇಕಂದ್ರೆ ದಿನಾ ಕಾಲು ಕಿಲೋಗಿಂತ ಜಾಸ್ತಿ ಅರಿಶಿನ ನುಂಗಬೇಕು. ಮದುಮಗನಿಗೂ ಅಷ್ಟು ಹಚ್ಚುವುದಿಲ್ಲ.

ಗಿಡದಿಂದ ಔಷಧಿ ಬಂದೇ ಇಲ್ವಾ? ಬಂದಿದೆ. ಯೂ ಮರದ ತೊಗಟೆಯಲ್ಲಿ ಸಿಕ್ಕ ಪ್ಯಾಕ್ಲಿಟಾಕ್ಸೆಲ್ ಎಂಬ ಔಷಧಿಯನ್ನು ಇದೇ ಕ್ಯಾನ್ಸರಿಗೆ ಸಿಸ್ಪ್ಲಾಟಿನ್ ಎಂಬ ಇನ್ನೊಂದು ಕಿಮೋ ಔಷಧಿ ಜೊತೆ ಕೊಡುತ್ತಾರೆ. ಆದರೆ ಅದು ಸಲೈನಿನಲ್ಲಿ ಇಳಿಯುತ್ತದೆ, ಕೂದಲು ಉದುರಿಸುತ್ತದೆ. ಹಾಗಾಗಿ ನಮ್ಮ ಓಣಿಯ ಕಾಕಾ ಅದನ್ನು "ಕೆಮಿಕಲ್" ಅನ್ನುತ್ತಾರೆ. ಸಂತೆಯ ಬಿಡಿ ಅರಿಶಿನಕ್ಕೆ ಕಲಸಿದ ಬಣ್ಣ ಮಾತ್ರ ನ್ಯಾಚುರಲ್.

ಇನ್ನು ಮಹಿಳಾ ಆರೋಗ್ಯ ಜಾಗೃತಿ ಕಾರ್ಯಕ್ರಮ. ವೇದಿಕೆ ಮೇಲೆ ಹನ್ನೊಂದು ಕುರ್ಚಿ. ಹತ್ತರಲ್ಲಿ ಗಂಡಸರು, ಹನ್ನೊಂದನೆಯದು ಶಾಲು-ಹಾರ ಇಡೋಕೆ. ಸ್ವಾಗತ, ದೀಪ, ಸನ್ಮಾನ, ಅರಿಶಿನದ ಮಹಿಮೆ ಬಗ್ಗೆ ಮುಖ್ಯ ಅತಿಥಿಗಳ ನಲವತ್ತು ನಿಮಿಷ. ಡಾಕ್ಟರಮ್ಮನಿಗೆ ಕೊನೆಯ ಐದು. ಪಾಪ, ಅವರು ಓಡೋಡುತ್ತಾ ಹೇಳುತ್ತಾರೆ: ಇದು ಎಚ್‌ಪಿವಿ ವೈರಸ್ಸಿನಿಂದ ಬರೋದು. ಅದರಲ್ಲಿ 16 ಮತ್ತು 18ನೇ ನಂಬರಿನವೇ ಸುಮಾರು 70% ಕೇಸಿಗೆ ಕಾರಣ. ಹುಡುಗಿಯರಿಗೆ ಲಸಿಕೆ ಇದೆ. 30 ದಾಟಿದವರು 5 ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು. ನರ್ಸ್ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿ ಒಂದು ನಿಮಿಷ ಕಾಯುತ್ತಾರೆ, ಅನುಮಾನದ ಜಾಗ ಬೆಳ್ಳಗಾಗುತ್ತದೆ...

"ಮೇಡಂ, ಲಗೂ ಮುಗಸ್ರೀ, ಸಾಹೇಬ್ರು ಹೊಂಟಾರ."

ಅಷ್ಟರಲ್ಲಿ ಹಿಂದೆ ಸುಸಲಾ-ಮಿರ್ಚಿ ಸಾಲು ಶುರು. ಪರೀಕ್ಷೆಯ ಕೋಣೆಗೆ ಪರದೆ ಕಟ್ಟಿಲ್ಲ. ಬಟ್ಟೆಯೆಲ್ಲಾ ಬ್ಯಾನರಿಗೆ ಹೋಯಿತಂತೆ. ಆ ಆಮ್ಲ ಬೇರೇನಲ್ಲ, ವಿನೆಗರಿನಲ್ಲಿ ಇರುವಂಥದ್ದೇ. ನಮ್ಮೂರಿನ ಸೂಪರ್ ಮಾರ್ಕೆಟ್ ಏರಿಯಾದ ಗೋಬಿ ಬಂಡಿಗಳಲ್ಲೂ ಸಿಗುವಷ್ಟು ಅಗ್ಗ. ಅದಕ್ಕೇ ಇರಬೇಕು, ಅದರ ಬಗ್ಗೆ ಒಂದೂ ಫಾರ್ವರ್ಡ್ ಬರೋದಿಲ್ಲ.

ಕಾಕಿಗೆ ಪರೀಕ್ಷೆ ಮಾಡಿಸಿದ್ರಾ ಅಂತ ಕಾಕಾನನ್ನು ಕೇಳಿದೆ. "ಏನೂ ಬ್ಯಾಡ. ನಮ್ಮನ್ಯಾಗ ದಿನಾ ರಾತ್ರಿ ಅರಿಶಿಣ ಹಾಲು ಇರ್ತದ" ಅಂದರು.

ನಿಜ. ಕಾಕಿ ಕಾಸುತ್ತಾರೆ, ಕಾಕಾ ಕುಡಿಯುತ್ತಾರೆ.